ಹನ್ನೊಂದು ಸೆಕೆಂಡು ಕಲಿಸಿದ ವಾಚ್ ಪಾಠ

ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಹುಡುಗರು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ನಾನು ಮುಗಿಸಿದ್ದು 6 ನಿಮಿಷ 41 ಸೆಕೆಂಡಿಗೆ. ಲಿಖಿತ ಪರೀಕ್ಷೆಗೆಂದು ಎರಡು ವರ್ಷ ಓದಿದ್ದು, ಚಳಿಯಲ್ಲಿ ಬೆಳಿಗ್ಗೆ ಐದಕ್ಕೇ ಎದ್ದು ಓಡಿದ್ದು ಎಲ್ಲವೂ ಆ ಹನ್ನೊಂದು ಸೆಕೆಂಡಿನಲ್ಲಿ ಕೊಚ್ಚಿ ಹೋಯಿತು. ಅದಕ್ಕೂ ಒಂದು ವಾರ ಹಿಂದೆಯಷ್ಟೇ ನನ್ನ ಕೈಯಲ್ಲಿದ್ದ ವಾಚ್ ‘1.60 ಕಿ.ಮೀ., 6 ನಿಮಿಷ 20 ಸೆಕೆಂಡು’ ಎಂದು ತೋರಿಸಿ, ಪಟಾಕಿ ಸಿಡಿಯುವ ಚಿತ್ರ ಹಾಕಿ ಅಭಿನಂದನೆ ಹೇಳಿತ್ತು!

ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವ ವಾರದಲ್ಲಿ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಅಂಥದ್ದೊಂದು ಬೆಳೆಯ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಸಂಜೆ ಅಪ್ಪ ನನಗೆ ಎರಡು ಸಾವಿರದ ಇನ್ನೂರು ರೂಪಾಯಿ ಕೊಟ್ಟಿದ್ದ. ಆಗಿನ ದರದಲ್ಲಿ ಐದು ಕೆ.ಜಿ. ಗೂಡಿನ ದುಡ್ಡು. ಆನ್‌ಲೈನ್‌ನಲ್ಲಿ ಆಫರ್ ನೋಡಿ ತರಿಸಿದೆ. ಡಬ್ಬಿಯ ಮೇಲೆ ‘ರಗ್ಡ್’, ‘ಮಿಲಿಟರಿ ಗ್ರೇಡ್’, ‘ಜಿಪಿಎಸ್’ ಎಂದೆಲ್ಲ ದಪ್ಪಕ್ಷರಗಳಿದ್ದವು. ನಾಲ್ಕು ಮೂಲೆಯಲ್ಲೂ ಸ್ಕ್ರೂ, ಕಪ್ಪು ಪಟ್ಟಿ. ಕೈಗೆ ಕಟ್ಟಿಕೊಂಡರೆ ಕಮಾಂಡೊ ಆದ ಹಾಗೇ ಇತ್ತು. ನಾಲೆ ಏರಿಯ ಮೇಲೆ ನಾಲ್ಕು ತಿಂಗಳು ಅದನ್ನೇ ನಂಬಿ ಓಡಿದೆ.

ಪರೀಕ್ಷೆಯಲ್ಲಿ ಸೋತು ಬಂದ ಮೇಲೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಹತ್ತಿರ ಹೋದೆ. ಅವರು ಮೈದಾನದಲ್ಲಿ ಟೇಪು ಹಿಡಿದು, ಸುಣ್ಣದ ಪುಡಿ ಹಾಕಿ 200 ಮೀಟರಿನ ಟ್ರ್ಯಾಕ್ ಮಾಡಿದ್ದರು. ‘ಎಂಟು ಸುತ್ತು ಓಡು’ ಅಂದರು. ಓಡಿ ಬಂದು ವಾಚ್ ನೋಡಿದೆ. 1.69 ಕಿ.ಮೀ.!

‘ಫೋನ್ ಎಲ್ಲೋ?’

‘ಮನೇಲಿ ಸರ್. ಓಡುವಾಗ ಭಾರ ಅಂತ ತರಲ್ಲ.’

‘ಫೋನ್ ಇಲ್ದೆ ಇದಕ್ಕೆ ದೂರ ಹೆಂಗೋ ಗೊತ್ತಾಯ್ತು?’

ಆ ಪ್ರಶ್ನೆ ನಾಲ್ಕು ತಿಂಗಳಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಮನೆಗೆ ಬಂದು ಡಬ್ಬಿಯ ಒಳಗಿದ್ದ ಚೀಟಿಯನ್ನು ಮೊದಲ ಸಲ ಪೂರ್ತಿ ಓದಿದೆ. ಅದರಲ್ಲಿದ್ದದ್ದು ‘ಕನೆಕ್ಟೆಡ್ ಜಿಪಿಎಸ್’. ಅಂದರೆ ವಾಚ್‌ಗೆ ಸ್ವಂತ ಜಿಪಿಎಸ್ ಇಲ್ಲ, ಜೇಬಿನಲ್ಲಿರುವ ಫೋನಿನದ್ದನ್ನು ಎರವಲು ಪಡೆಯುತ್ತದೆ. ಫೋನ್ ಇಲ್ಲದಿದ್ದರೆ ಹೆಜ್ಜೆ ಎಣಿಸಿ, ಒಂದು ಹೆಜ್ಜೆಗೆ ಇಷ್ಟು ಉದ್ದ ಎಂದು ಗುಣಿಸಿ ಹೇಳಿಬಿಡುತ್ತದೆ. ಆ ಹೆಜ್ಜೆಯ ಉದ್ದವನ್ನು ಅದು ಅಂದಾಜು ಮಾಡುವುದು ನಾವು ಆ್ಯಪ್‌ನಲ್ಲಿ ತುಂಬಿದ ಎತ್ತರದಿಂದ.

ಆ್ಯಪ್ ತೆರೆದು ನೋಡಿದೆ. ನನ್ನ ಎತ್ತರ 170 ಸೆಂ.ಮೀ. ನಾನು ತುಂಬಿದ್ದು 178! ಯಾರು ನೋಡುತ್ತಾರೆ ಎಂದು ವಾಚ್ ತಂದ ದಿನ ಶೋಕಿಗೆ ಎಂಟು ಸೆಂಟಿಮೀಟರ್ ಏರಿಸಿಕೊಂಡಿದ್ದೆ. ನಾನು ಹೇಳಿದ ಸುಳ್ಳನ್ನೇ ವಾಚ್ ಹೆಜ್ಜೆಹೆಜ್ಜೆಗೂ ಗುಣಿಸಿ ನನಗೆ ವಾಪಸು ಕೊಟ್ಟಿತ್ತು. ವಾಚ್ 1600 ಎಂದಾಗ ನಾನು ನಿಜವಾಗಿ ಓಡಿರುತ್ತಿದ್ದುದು ಸುಮಾರು 1516 ಮೀಟರ್ ಮಾತ್ರ. ಉಳಿದ 84 ಮೀಟರಿಗೆ ನನ್ನ ವೇಗದಲ್ಲಿ 21 ಸೆಕೆಂಡು ಬೇಕು. 6 ನಿಮಿಷ 20ಕ್ಕೆ 21 ಸೇರಿಸಿದರೆ 6 ನಿಮಿಷ 41. ಲೆಕ್ಕ ಒಂದು ಸೆಕೆಂಡೂ ತಪ್ಪಿರಲಿಲ್ಲ.

ಅಪ್ಪನಿಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ತನ್ನ ಎಚ್‌ಎಂಟಿ ವಾಚಿಗೆ ಕೀಲಿ ಕೊಡುತ್ತಾ, ‘ಅಲ್ಲ ಕಣ್ಲಾ, ರೋಡಲ್ಲಿ ಕಿಲೋಮೀಟ್ರು ಕಲ್ಲು ಇರ್ಲಿಲ್ವಾ?’ ಅಂದ. ಅಷ್ಟೇ. ಹೌದು, ನಾಲೆಯ ಏರಿಯಿಂದ ನೂರು ಹೆಜ್ಜೆ ಆಚೆ ಹೋಗಿದ್ದರೆ ಟಾರು ರಸ್ತೆಯ ಪಕ್ಕದಲ್ಲಿ ಕಲ್ಲು ನೆಟ್ಟಿದ್ದರು. ಒಂದು ಸಲ ಅದರ ಪಕ್ಕ ಓಡಿ ವಾಚನ್ನು ಪರೀಕ್ಷಿಸಿದ್ದರೆ ಸಾಕಿತ್ತು.

ಮರುದಿನದಿಂದ ಅಪ್ಪನ ಎಚ್‌ಎಂಟಿಯೇ ನನ್ನ ತರಬೇತುದಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳು ದೂರ ಅಳೆಯುವುದಿಲ್ಲ, ಎದೆಬಡಿತ ಹೇಳುವುದಿಲ್ಲ. ಆದರೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದೂ ಹೇಳುವುದಿಲ್ಲ. ಸುಣ್ಣದ ಗೆರೆ, ಸೆಕೆಂಡಿನ ಮುಳ್ಳು, ಎಂಟು ಸುತ್ತು. 1600 ಮೀಟರಿಗೆ ಇಷ್ಟು ಸಾಕು. ಇಷ್ಟಕ್ಕೇ ಓಡುವವರು ಜಿಪಿಎಸ್ ವಾಚಿಗೆ ದುಡ್ಡು ಹಾಕಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಮತ್ತೆ ನನಗೇಕೆ ಬೇಕಾಯಿತು? ಬೆಟ್ಟಕ್ಕಾಗಿ. ಪರೀಕ್ಷೆ ಹೋದ ಮೇಲೆ ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಿಕೊಂಡೆ. ರಜೆಯ ದಿನ ಕಾಲಿಗೆ ಬಲ ಬರಲೆಂದು ಬೆಟ್ಟ ಹತ್ತುವ ಅಭ್ಯಾಸ ಹಿಡಿಯಿತು. ನಮ್ಮ ಸುತ್ತಮುತ್ತ ಬೆಟ್ಟಕ್ಕೇನು ಬರವೇ? ‘ಶೋಲೆ’ಯ ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ, ಕನಕಪುರದ ಕಡೆ ಕಬ್ಬಾಳದುರ್ಗ, ಮಾಗಡಿಯ ಸಾವನದುರ್ಗ. ಅಲ್ಲಿ ಸುಣ್ಣದ ಗೆರೆ ಇಲ್ಲ, ಕಿಲೋಮೀಟರ್ ಕಲ್ಲೂ ಇಲ್ಲ. ಎಷ್ಟು ಹತ್ತಿದೆ, ಎಲ್ಲಿದ್ದೇನೆ, ಬಂದ ದಾರಿ ಯಾವುದು ಎಂದು ಹೇಳುವುದೊಂದು ಬೇಕು. ಈ ಸಲ ಓದಿ, ಕೇಳಿ, ಪರೀಕ್ಷಿಸಿ ಕೊಳ್ಳಬೇಕೆಂದು ತೀರ್ಮಾನಿಸಿದೆ.

ಮೊದಲ ಪಾಠ ಸಿಕ್ಕಿದ್ದು ಮಾವನ ಗೊಂಬೆ ಕಾರ್ಖಾನೆಯಲ್ಲಿ. ಚನ್ನಪಟ್ಟಣದಲ್ಲಿ ಮಾವ ಮೂವತ್ತು ವರ್ಷದಿಂದ ಗೊಂಬೆ ಕಡೆಯುತ್ತಾರೆ. ‘ಮಾವ, ಗಟ್ಟಿ ವಾಚ್ ತಗೋಬೇಕು’ ಅಂದೆ. ‘ಯಾವುದಕ್ಕೆ ಗಟ್ಟಿ?’ ಎಂದು ಕೇಳಿದರು. ನಾನು ಮುಖ ನೋಡಿದೆ. ಅವರು ಆಲೆ ಮರದ ತುಂಡೊಂದನ್ನು ಕೈಗೆ ಕೊಟ್ಟರು. ‘ಇದಕ್ಕಿಂತ ಗಟ್ಟಿ ಮರ ಬೇಕಾದಷ್ಟು ಅವೆ. ಆದ್ರೆ ಗೊಂಬೆಗೆ ಇದೇ ಆಗ್ಬೇಕು. ಮೆತ್ತಗೆ ಕಡೆಯಕ್ಕೆ ಬತ್ತದೆ, ಅರಗು ಚೆನ್ನಾಗಿ ಹಿಡಿತದೆ. ಬರೀ ಗಟ್ಟಿ ಗಟ್ಟಿ ಅಂದ್ರೆ ಏನಪ್ಪ?’

ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆದುಕೊಂಡು ಕೂತವರೊಬ್ಬರು ಜಪಾನಿನಲ್ಲಿದ್ದರು. ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ. ಅಪ್ಪ ಕೊಟ್ಟಿದ್ದ ವಾಚ್ ಕೆಳಗೆ ಬಿದ್ದು ಒಡೆದುಹೋಯಿತೆಂಬ ಬೇಸರದಿಂದ ಅವರು ಒಡೆಯದ ವಾಚ್ ಮಾಡಲು ಹೊರಟರು. ಗುರಿ ಸ್ಪಷ್ಟವಿತ್ತು: 10 ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, 10 ಬಾರ್ ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ 10 ವರ್ಷ ಬರಬೇಕು. ಸುಮಾರು ಇನ್ನೂರು ಮಾದರಿ ಮಾಡಿ ಒಡೆದ ಮೇಲೆ 1983ರಲ್ಲಿ ಮೊದಲ ಜಿ-ಶಾಕ್ ಮಾರುಕಟ್ಟೆಗೆ ಬಂತು. ಡಬ್ಬಿಯ ಮೇಲೆ ‘ರಗ್ಡ್’ ಎಂದಿದ್ದರೆ ನಾವು ಕೇಳಬೇಕಾದದ್ದೂ ಇದನ್ನೇ: ಬೀಳುವುದಕ್ಕೋ, ನೀರಿಗೋ, ಬಿಸಿಲಿಗೋ, ಗೀರು ಬೀಳದಿರಲೆಂದೋ?

‘ಮಿಲಿಟರಿ ಗ್ರೇಡ್’ ಎಂಬ ಮಾತಿಗೂ ಮರುಳಾಗಬೇಡಿ. ಸಾಮಾನ್ಯವಾಗಿ ಅದರ ಹಿಂದೆ ಇರುವುದು ಎಂಐಎಲ್-ಎಸ್‌ಟಿಡಿ-810 ಎಂಬ ಅಮೆರಿಕ ಸೇನೆಯ ಪರೀಕ್ಷಾ ಕ್ರಮ. ಬಿಸಿ, ಚಳಿ, ದೂಳು, ಅದುರು, ಬೀಳು ಹೀಗೆ ಅದರಲ್ಲಿ ಹಲವು ಪರೀಕ್ಷೆಗಳಿವೆ. ಕೆಲವನ್ನಷ್ಟೇ ತಾನೇ ಮಾಡಿಕೊಂಡು ಕಂಪನಿ ಆ ಹೆಸರು ಹಾಕಿಕೊಳ್ಳಬಹುದು. ಯಾವ ಪರೀಕ್ಷೆ ಎಂದು ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಹಾಗೆಯೇ ‘5 ಎಟಿಎಂ’ ಎಂದರೆ 50 ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಅಷ್ಟು ಆಳದ ನಿಂತ ನೀರಿನ ಒತ್ತಡಕ್ಕೆ ಪ್ರಯೋಗಾಲಯದಲ್ಲಿ ತಡೆದಿದೆ ಎಂದರ್ಥ. ಮಳೆ, ಬೆವರು, ಕೆರೆಯ ಈಜಿಗೆ ಅದು ಸಾಕು. ಸೋಪು ಹಚ್ಚಿ ಬಿಸಿನೀರಿನ ಸ್ನಾನಕ್ಕೆ ಬಿಚ್ಚಿಡುವುದೇ ಒಳ್ಳೆಯದು, ಒಳಗಿನ ರಬ್ಬರು ಬೇಗ ಹಾಳಾಗುತ್ತದೆ.

ಎರಡನೇ ಪಾಠ ಸಾವನದುರ್ಗದ್ದು. ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು ತಮ್ಮ ದುಬಾರಿ ವಾಚನ್ನು ಒಂದು ದಿನಕ್ಕೆ ಕೊಟ್ಟರು. ಮಾಗಡಿಯ ಗೆಳೆಯನ ಬಳಿ ಮಧ್ಯಮ ಬೆಲೆಯದೊಂದಿತ್ತು. ಎರಡರಲ್ಲೂ ಸ್ವಂತ ಜಿಪಿಎಸ್. ನಾನು ಬಲಗೈಗೊಂದು ಎಡಗೈಗೊಂದು ಕಟ್ಟಿಕೊಂಡೆ. ‘ಮಗಾ, ಬಳೆ ಹಾಕ್ಕೊಂಡಂಗೆ ಕಾಣ್ತೀಯ’ ಎಂದು ಗೆಳೆಯ ನಕ್ಕ. ಅರಣ್ಯ ಇಲಾಖೆಯ ಅನುಮತಿ ಪಡೆದು, ವೀರಭದ್ರಸ್ವಾಮಿ ಗುಡಿಯ ಬಳಿಯಿಂದ ಬೆಳಿಗ್ಗೆಯೇ ಹತ್ತಿದೆವು.

ಸಾವನದುರ್ಗ 1226 ಮೀಟರ್ ಎತ್ತರದ ಒಂದೇ ಬಂಡೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ಕೋಟೆಯನ್ನು ಕಿತ್ತುಕೊಂಡಿತು. ಇವತ್ತಿಗೂ ಹತ್ತುವವನ ಉಸಿರು ಕೀಳುವುದರಲ್ಲಿ ಅದೇನೂ ಕಡಿಮೆಯಿಲ್ಲ. ತುದಿಯ ನಂದಿಯ ಬಳಿ ಕೂತು ಎರಡೂ ವಾಚಿನ ದಾರಿಯನ್ನು ಫೋನಿಗೆ ಇಳಿಸಿ ನೋಡಿದೆವು. ಬಯಲಿನಲ್ಲಿ ಎರಡೂ ಒಂದೇ ಗೆರೆ. ಕಡಿದಾದ ಬಂಡೆಯ ಪಕ್ಕ ನಡೆದಿದ್ದ ಕಡೆ ಮಾತ್ರ ಮಧ್ಯಮ ಬೆಲೆಯದರ ಗೆರೆ ಹೆಂಡ ಕುಡಿದವನಂತೆ ಓಲಾಡಿತ್ತು. ಒಂದು ಕಡೆಯಂತೂ ನಾವು ಗಾಳಿಯಲ್ಲಿ ನಡೆದಿದ್ದೆವು!

ಕಾರಣ ಸರಳ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ‘ಈಗ ಗಂಟೆ ಇಷ್ಟು’ ಎಂದು ಕೂಗುತ್ತಲೇ ಇರುತ್ತವೆ. ಆ ಕೂಗು ಎಷ್ಟು ತಡವಾಗಿ ಬಂತು ಎಂಬುದರಿಂದ ವಾಚ್ ದೂರ ಲೆಕ್ಕ ಹಾಕುತ್ತದೆ. ಕಡಿಮೆಯೆಂದರೆ ನಾಲ್ಕು ಉಪಗ್ರಹ ಬೇಕು. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಬಂಡೆಗೆ ಬಡಿದು ತಿರುಗಿ ಬಂದ ಕೂಗು ಸುತ್ತಿ ಬಂದಿರುವುದರಿಂದ ತಡವಾಗಿ ಮುಟ್ಟುತ್ತದೆ, ಅಲ್ಲಿಗೆ ಲೆಕ್ಕ ಎಡವುತ್ತದೆ. ದುಬಾರಿ ವಾಚ್‌ನಲ್ಲಿದ್ದ ‘ಡ್ಯುಯಲ್ ಫ್ರೀಕ್ವೆನ್ಸಿ’ ಎಂಬುದು ಎರಡು ಬೇರೆ ತರಂಗಗಳನ್ನು ಕೇಳಿ ಈ ಪ್ರತಿಧ್ವನಿಯನ್ನು ಬಹಳ ಮಟ್ಟಿಗೆ ಜರಡಿ ಹಿಡಿಯುತ್ತದೆ. ನಾಲೆ ಏರಿ, ರಸ್ತೆ, ತೋಟದಲ್ಲಿ ಓಡುವವರಿಗೆ ಅದು ಬೇಡ, ಬಂಡೆಯ ಬೆಟ್ಟ ಸುತ್ತುವವರಿಗೆ ಬೇಕು.

‘ಆ ಕಡೆ ನೋಡು, ಅಲ್ಲೇ ಬ್ಯಾಲಾಳು’ ಎಂದು ಗೆಳೆಯ ಕೈ ತೋರಿಸಿದ. ಚಂದ್ರಯಾನದ ಮಾತು ಕೇಳಿಸಿಕೊಂಡ ದೊಡ್ಡ ಡಿಶ್ ಆಂಟೆನಾ ಅಲ್ಲಿರುವುದು ಗೊತ್ತಿತ್ತು. 2013ರ ಮೇ ತಿಂಗಳಲ್ಲಿ ಅಲ್ಲೇ ಇಸ್ರೊದ ಸಂಚರಣಾ ಕೇಂದ್ರವೂ ಶುರುವಾಯಿತೆಂದು ಗೊತ್ತಾದದ್ದು ಆಮೇಲೆ. ಅಮೆರಿಕದ ಜಿಪಿಎಸ್ ಇದ್ದಂತೆ ನಮ್ಮ ದೇಶದ್ದು ‘ನಾವಿಕ್’. ಅದರ ಸಮಯದ ಲೆಕ್ಕ ನಡೆಯುವುದು ನಾವು ದೊಡ್ಡ ಆಲದ ಮರ ನೋಡಲು ಹೋಗುವ ದಾರಿಯ ಆಸುಪಾಸಿನಲ್ಲಿ! ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಹೀಗೆ ವಾಚ್ ಎಷ್ಟು ವ್ಯವಸ್ಥೆಗಳನ್ನು ಹಿಡಿಯುತ್ತದೋ ಅಷ್ಟು ಹೆಚ್ಚು ಉಪಗ್ರಹ ಅದಕ್ಕೆ ಕಾಣುತ್ತವೆ. ಕೊಳ್ಳುವಾಗ ಈ ಹೆಸರುಗಳನ್ನೂ ನೋಡಿ.

ಇಳಿಯುವಾಗ ಮಂಜು ಕವಿಯಿತು. ಬಂಡೆಯ ಮೇಲೆ ದಾರಿ ತೋರಿಸಲು ಬಳಿದಿದ್ದ ಬಿಳಿ ಬಾಣಗಳು ಕಾಣದಾದವು. ನಾನು ಧೈರ್ಯವಾಗಿ ಮಧ್ಯಮ ಬೆಲೆಯ ವಾಚಿನಲ್ಲಿ ‘ಹೊರಟ ಜಾಗಕ್ಕೆ ವಾಪಸು’ ಎಂಬ ಗುಂಡಿ ಒತ್ತಿದೆ. ಮುಳ್ಳೊಂದು ಎಡಕ್ಕೆ ತೋರಿಸಿತು. ಇಪ್ಪತ್ತು ಹೆಜ್ಜೆ ಇಟ್ಟಿರಬೇಕು, ಗೆಳೆಯ ಹಿಂದಿನಿಂದ ಅಂಗಿ ಹಿಡಿದು ಎಳೆದ. ‘ಎಲ್ಲಿಗೋ? ಅದು ಗುಡಿ ಇರೋ ದಿಕ್ಕು ತೋರಿಸ್ತಾ ಐತೆ, ದಾರಿ ಅಲ್ಲ. ಹಂಗೇ ಹೋದ್ರೆ ಒಂದೇ ಸಲಕ್ಕೆ ಕೆಳಗಿರ್ತೀಯ.’ ಮುಂದೆ ಬಂಡೆ ಬಾಗಿ ಮಂಜಿನೊಳಗೆ ಮಾಯವಾಗಿತ್ತು. ಕಾಲು ನಡುಗಿದ್ದು ಆಗ.

ಅಲ್ಲೇ ಕೂತು ಎರಡು ವಾಚಿನ ವ್ಯತ್ಯಾಸ ನೋಡಿದೆವು. ಒಂದು, ಹೊರಟ ಜಾಗದ ನೇರ ದಿಕ್ಕನ್ನಷ್ಟೇ ತೋರಿಸುವುದು. ಇನ್ನೊಂದು, ಹತ್ತಿ ಬಂದ ದಾರಿಯನ್ನೇ ಗೆರೆ ಎಳೆದು ತೋರಿಸುವುದು. ಸೂಪರ್‌ವೈಸರ್ ವಾಚಿನಲ್ಲಿ ಗೆರೆ ಇತ್ತು. ಅದನ್ನು ಹಿಡಿದು ನಿಧಾನಕ್ಕೆ ಬಲಕ್ಕೆ ಹೊರಳಿದಾಗ ಮೊದಲ ಬಿಳಿ ಬಾಣ ಕಂಡಿತು. ಬೆಟ್ಟಕ್ಕೆ ವಾಚ್ ಕೊಳ್ಳುವವರು ಅಂಗಡಿಯಲ್ಲೇ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: ದಿಕ್ಕು ತೋರಿಸುತ್ತದೋ, ಬಂದ ದಾರಿ ತೋರಿಸುತ್ತದೋ? ಗೆರೆಯೂ ಬಂಡೆಯ ಪಕ್ಕ ಐದಾರು ಮೀಟರ್ ಆಚೀಚೆ ಇರಬಹುದು. ಅದನ್ನು ನೋಡುತ್ತಲೇ ಕಾಲಡಿಯನ್ನೂ ನೋಡಬೇಕು. ಮಂಜು ದಟ್ಟವಾಗಿದ್ದರೆ ಕೂತು ಕಾಯುವುದೇ ಸರಿ. ಅವತ್ತು ಗೆಳೆಯ ಜೊತೆಗಿರದಿದ್ದರೆ ನಾನು ಯಾವ ವಾಚಿದ್ದರೂ ಈ ಲೇಖನ ಬರೆಯುತ್ತಿರಲಿಲ್ಲ.

ಕಬ್ಬಾಳದುರ್ಗದಲ್ಲಿ ಇನ್ನಷ್ಟು ತಿಳಿಯಿತು. ಬಂಡೆ ಹಿಡಿದು ಹತ್ತುವಾಗ ಮಣಿಕಟ್ಟು ಬಾಗುತ್ತದೆ, ವಾಚ್ ಜರುಗುತ್ತದೆ. ಹಸಿರು ಬೆಳಕು ಚೆಲ್ಲಿ ರಕ್ತದ ಹರಿವು ನೋಡುವ ಅದರ ಎದೆಬಡಿತದ ಲೆಕ್ಕ ತಪ್ಪುತ್ತದೆ. ಕೂತು ನೀರು ಕುಡಿಯುತ್ತಿದ್ದವನಿಗೆ 188 ಎಂದು ತೋರಿಸಿತು! ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದ ಮೇಲೆ ಸುಧಾರಿಸಿತು. ಕರಾರುವಾಕ್ಕಾಗಿ ಬೇಕೆಂದರೆ ಎದೆಗೆ ಕಟ್ಟುವ ಪಟ್ಟಿಯೇ ಮೇಲು. ಬೆವರಿದ ಬೆರಳಿಗೆ ಟಚ್ ಸ್ಕ್ರೀನ್ ಬಗ್ಗಲಿಲ್ಲ, ಪಕ್ಕದ ಗುಂಡಿಗಳು ಕೈಕೊಡಲಿಲ್ಲ. ಕೆಲವು ಪರದೆಗಳು ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತವೆ, ಕೆಲವು ಮಂಕಾಗುತ್ತವೆ. ಹಾಗಾಗಿ ಅಂಗಡಿಯೊಳಗಿನ ಲೈಟಿನಲ್ಲಿ ನೋಡಿ ಮೆಚ್ಚಬೇಡಿ, ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ನೋಡಿ.

ಬ್ಯಾಟರಿಯ ವಿಷಯದಲ್ಲೂ ಒಂದು ಮೋಸವಿದೆ. ‘14 ದಿನ’ ಎಂದು ಬರೆದಿರುವುದು ಜಿಪಿಎಸ್ ಆರಿಸಿಟ್ಟಾಗಿನ ಲೆಕ್ಕ. ನೋಡಬೇಕಾದ್ದು ಜಿಪಿಎಸ್ ಹಾಕಿದಾಗ ಎಷ್ಟು ಗಂಟೆ ಎಂಬುದನ್ನು. ಎತ್ತರ ಅಳೆಯಲು ಗಾಳಿಯ ಒತ್ತಡ ನೋಡುವ ಬ್ಯಾರೋಮೀಟರ್ ಇದ್ದರೆ ಬೆಟ್ಟಕ್ಕೆ ಉಪಯೋಗ. ಆದರೆ ಮಳೆಯ ಮೋಡ ಬಂದರೂ ಒತ್ತಡ ಬದಲಾಗುವುದರಿಂದ, ಎತ್ತರ ಗೊತ್ತಿರುವ ಜಾಗದಲ್ಲಿ ಆಗಾಗ ಸರಿಪಡಿಸಿಕೊಳ್ಳಬೇಕು. ಇನ್ನು ‘ಮನೆಯವರಿಗೆ ನೀವಿರುವ ಜಾಗ ಕಳಿಸುತ್ತದೆ’ ಎಂಬ ಸೌಲಭ್ಯವೂ ಸಾಮಾನ್ಯವಾಗಿ ಫೋನಿನ ನೆಟ್‌ವರ್ಕ್ ಮೇಲೆಯೇ ನಿಂತಿದೆ. ಕನಕಪುರದಿಂದ ಆಚೆ ಸಂಗಮ, ಮುತ್ತತ್ತಿಯ ಕಾಡಿನ ಕಡೆ ನೆಟ್‌ವರ್ಕೇ ಸಿಗದ ಜಾಗಗಳಿವೆ. ಅಲ್ಲಿ ವಾಚ್‌ಗೆ ತಾನೆಲ್ಲಿದ್ದೇನೆ ಎಂದು ಗೊತ್ತಿರುತ್ತದೆ, ಅಮ್ಮನಿಗೆ ಗೊತ್ತಾಗುವುದಿಲ್ಲ. ಆನೆ ಓಡಾಡುವ ಜಾಗವೆಂಬುದೂ ಅದಕ್ಕೆ ಗೊತ್ತಿರುವುದಿಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳಿಯೇ ಹೊರಡಬೇಕು. ಕಾಡಿನ ಸಿಬ್ಬಂದಿ ಬೇಡವೆಂದರೆ ಹಿಂದಿರುಗಬೇಕು.

ಗಾರ್ಮಿನ್, ಕೋರೋಸ್, ಸೂಂಟೊ, ಅಮೇಜ್‌ಫಿಟ್ ಎಂದು ಹೆಸರುಗಳು ಬೇಕಾದಷ್ಟಿವೆ. ನಾನು ಯಾವುದನ್ನು ಕೊಂಡೆ ಎಂದು ಹೇಳಿದರೆ ಜಾಹೀರಾತಾಗುತ್ತದೆ. ಸ್ವಂತ ಜಿಪಿಎಸ್, ಎರಡು ತರಂಗ, ಬಂದ ದಾರಿಯ ಗೆರೆ, ಪಕ್ಕದಲ್ಲಿ ಗುಂಡಿ, ಇಪ್ಪತ್ತು ಗಂಟೆಗೆ ಕಡಿಮೆಯಿಲ್ಲದ ಜಿಪಿಎಸ್ ಬ್ಯಾಟರಿ ಇಷ್ಟಿರಬೇಕು ಎಂದು ಚೀಟಿ ಬರೆದುಕೊಂಡೆ. ಹಾಡು, ಕರೆ, ರಕ್ತದ ಆಮ್ಲಜನಕ, ನೂರೈವತ್ತು ಆಟಗಳ ಪಟ್ಟಿ ಎಲ್ಲವನ್ನೂ ಹೊಡೆದು ಹಾಕಿದೆ. ಚೀಟಿಗೆ ಹೊಂದಿದ ಹಳೆಯ ಮಾಡೆಲ್ ಒಂದು ಹದಿನೆಂಟು ಸಾವಿರಕ್ಕೆ ಸಿಕ್ಕಿತು. ಗೂಡಿನ ಲೆಕ್ಕದಲ್ಲಿ ನಲವತ್ತು ಕೆ.ಜಿ., ಅಂದರೆ ನೂರು ಮೊಟ್ಟೆಯ ಬೆಳೆಯಲ್ಲಿ ಅರ್ಧ! ಈ ಸಲ ಅಪ್ಪನನ್ನು ಕೇಳಲಿಲ್ಲ, ಏಳು ತಿಂಗಳು ಸಂಬಳದಲ್ಲಿ ಉಳಿಸಿ ತೆಗೆದುಕೊಂಡೆ.

ತಂದ ದಿನವೇ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಕಿಲೋಮೀಟರ್ ಕಲ್ಲಿನ ಬಳಿಗೆ ಹೋದೆ. ಉಪಗ್ರಹ ಸಿಕ್ಕಿತೆಂದು ವಾಚ್ ಹೇಳುವವರೆಗೆ ಒಂದು ನಿಮಿಷ ಸುಮ್ಮನೆ ನಿಂತೆ. ಆತುರಪಟ್ಟು ಮೊದಲೇ ಓಡಿದರೆ ಶುರುವಿನ ದೂರ ತಪ್ಪಾಗುತ್ತದೆ. ಅಪ್ಪ ಮುಂದಿನ ಕಲ್ಲಿನ ಬಳಿ ಎಚ್‌ಎಂಟಿ ಹಿಡಿದು ನಿಂತ. ಓಡಿ ಮುಟ್ಟಿದಾಗ ನನ್ನದರಲ್ಲಿ 1.00 ಕಿ.ಮೀ., 3 ನಿಮಿಷ 50 ಸೆಕೆಂಡು. ಅಪ್ಪನದರಲ್ಲೂ ಹೆಚ್ಚುಕಮ್ಮಿ ಅಷ್ಟೇ.

‘ಪರವಾಗಿಲ್ಲ ಕಣ್ಲಾ, ನನ್ ವಾಚಿನಷ್ಟೇ ಚೆನ್ನಾಗೈತೆ’ ಅಂದ ಅಪ್ಪ.

ಈಗ ಮುಂದಿನ ನೇಮಕಾತಿಯ ಅಧಿಸೂಚನೆಗೆ ಕಾಯುತ್ತಿದ್ದೇನೆ. ವಾರಕ್ಕೆ ಮೂರು ದಿನ ಸುಣ್ಣದ ಗೆರೆ, ಒಂದು ದಿನ ಬೆಟ್ಟ. ಮೊನ್ನೆ ಮೇಷ್ಟ್ರ ಮೈದಾನದಲ್ಲಿ ಎಂಟು ಸುತ್ತಿಗೆ 6 ನಿಮಿಷ 14 ಸೆಕೆಂಡಾಯಿತು. ಸಣ್ಣ ಟ್ರ್ಯಾಕಿನ ತಿರುವುಗಳಲ್ಲಿ ಒಳ್ಳೆಯ ಜಿಪಿಎಸ್ಸೂ ಸ್ವಲ್ಪ ತಪ್ಪುವುದರಿಂದ ಅಲ್ಲಿ ವಾಚಿನ ದೂರ ನೋಡುವುದಿಲ್ಲ, ಸುತ್ತು ಎಣಿಸುತ್ತೇನೆ. ಅಂದ ಹಾಗೆ, ಹೊಸ ಆ್ಯಪ್‌ನಲ್ಲಿ ಎತ್ತರ ತುಂಬುವ ಜಾಗಕ್ಕೆ 170 ಎಂದೇ ಹಾಕಿದ್ದೇನೆ.